1902ರ ಕಲ್ಲಿದ್ದಲು ಮುಷ್ಕರ ಮತ್ತು ಲೇಖನ ಬಿಟ್ಟ ಹೆಸರು

ಮಾನ್ಯ ಸಂಪಾದಕರೇ,

ಕಾರ್ಮಿಕ ದಿನದ ಅಂಗವಾಗಿ ತಮ್ಮ ಪತ್ರಿಕೆ ಪ್ರಕಟಿಸಿದ ಲೇಖನದಲ್ಲಿ, 1902ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದ ಕಲ್ಲಿದ್ದಲು ಗಣಿ ಮುಷ್ಕರವನ್ನು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬಗೆಹರಿಸಿದರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಲಾಗಿದೆ. ರೂಸ್‌ವೆಲ್ಟ್ ಅವರ ಪಾತ್ರವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಐದು ತಿಂಗಳಿಗೂ ಹೆಚ್ಚು ಕಾಲ ಆ ಮುಷ್ಕರ ಕದಲದಂತೆ ನೋಡಿಕೊಂಡ ಗಣಿ ಕಾರ್ಮಿಕರ ನಾಯಕ ಜಾನ್ ಮಿಚೆಲ್ ಅವರ ಹೆಸರನ್ನೇ ಬಿಟ್ಟಿರುವುದು, ಮದುವೆಯ ವರದಿಯಲ್ಲಿ ಪುರೋಹಿತರ ಹೆಸರು ಬರೆದು ಮದುಮಗನನ್ನು ಮರೆತಂತಾಗಿದೆ.

ಮಿಚೆಲ್ ಹುಟ್ಟಿದ್ದು 1870ರಲ್ಲಿ, ಇಲಿನಾಯ್ ರಾಜ್ಯದ ಬ್ರೇಡ್‌ವುಡ್ ಎಂಬ ಗಣಿ ಊರಿನಲ್ಲಿ. ಆರು ವರ್ಷ ತುಂಬುವ ಹೊತ್ತಿಗೆ ತಾಯಿಯೂ ಇರಲಿಲ್ಲ, ತಂದೆಯೂ ಇರಲಿಲ್ಲ. ಮಲತಾಯಿಯ ಆಸರೆಯಲ್ಲಿ ಬೆಳೆದ ಹುಡುಗ ಹನ್ನೆರಡನೆಯ ವಯಸ್ಸಿಗೆ ಗಣಿಗೆ ಇಳಿದ. ‘ಯುನೈಟೆಡ್ ಮೈನ್ ವರ್ಕರ್ಸ್’ ಎಂಬ ಗಣಿ ಕಾರ್ಮಿಕರ ಒಕ್ಕೂಟ 1890ರಲ್ಲಿ ಸ್ಥಾಪನೆಯಾಯಿತು. ಎಂಟೇ ವರ್ಷಗಳಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಮಿಚೆಲ್ ಅದರ ಅಧ್ಯಕ್ಷರಾದರು. ಅವರು ಅಧಿಕಾರ ವಹಿಸಿಕೊಂಡಾಗ ಸುಮಾರು 34,000 ಇದ್ದ ಸದಸ್ಯರ ಸಂಖ್ಯೆ, 1908ರಲ್ಲಿ ಅವರು ಇಳಿಯುವ ವೇಳೆಗೆ 3 ಲಕ್ಷದ ಆಸುಪಾಸಿಗೆ ಬಂದಿತ್ತು.

ಈ ಬೆಳವಣಿಗೆಯ ಹಿಂದಿನ ಕೆಲಸವನ್ನು ಅರಿಯಬೇಕಾದರೆ ಪೂರ್ವ ಪೆನ್ಸಿಲ್ವೇನಿಯಾದ ಗಣಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿ ಸಿಗುತ್ತಿದ್ದದ್ದು ಆಂಥ್ರಸೈಟ್, ಅಂದರೆ ಹೆಚ್ಚು ಹೊಗೆಯಿಲ್ಲದೆ ಉರಿಯುವ ಗಟ್ಟಿ ಕಲ್ಲಿದ್ದಲು. ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾ ನಗರಗಳ ಮನೆಗಳು ಚಳಿಗಾಲವನ್ನು ಕಳೆಯುತ್ತಿದ್ದುದು ಅದರಿಂದ. ಗಣಿಗಳಲ್ಲಿ ಬಹುಪಾಲು ಕೆಲವೇ ರೈಲ್ವೆ ಕಂಪನಿಗಳ ಹಿಡಿತದಲ್ಲಿದ್ದವು. ಕಲ್ಲಿದ್ದಲು ಅಗೆಸುವವರೂ ಅವರೇ, ಸಾಗಿಸುವವರೂ ಅವರೇ. ಕಾರ್ಮಿಕರಲ್ಲಿ ಮೊದಲು ಬಂದವರು ಇಂಗ್ಲಿಷ್, ವೇಲ್ಸ್, ಐರಿಷ್ ಮೂಲದವರು. ತರುವಾಯ ಬಂದವರು ಪೋಲಿಷ್, ಸ್ಲೋವಾಕ್, ಲಿಥುವೇನಿಯನ್, ಇಟಾಲಿಯನ್ ಮಾತನಾಡುವವರು. ಮೊದಲಿನವರಿಗೆ ಹೊಸಬರೆಂದರೆ ಕೂಲಿ ಇಳಿಸಲು ಬಂದವರೆಂಬ ಗುಮಾನಿ. ಮಿಚೆಲ್ ಆಯಾ ಭಾಷೆ ಬಲ್ಲ ಸಂಘಟಕರನ್ನು ನೇಮಿಸಿದರು, ಸಭೆಗಳಲ್ಲಿ ಭಾಷಣಗಳನ್ನು ಅನುವಾದ ಮಾಡಿಸಿದರು, ನೀವು ಅಗೆಯುವ ಕಲ್ಲಿದ್ದಲು ಪೋಲಿಷ್ ಕಲ್ಲಿದ್ದಲೂ ಅಲ್ಲ, ಐರಿಷ್ ಕಲ್ಲಿದ್ದಲೂ ಅಲ್ಲ, ಬರೀ ಕಲ್ಲಿದ್ದಲು ಎಂದು ಹೋದಲ್ಲೆಲ್ಲ ಹೇಳಿದರು. ಕತ್ತಿನವರೆಗೆ ಗುಂಡಿ ಹಾಕಿದ ಉದ್ದನೆಯ ಕಪ್ಪು ಕೋಟು ತೊಟ್ಟು ಬರುತ್ತಿದ್ದ ಅವರನ್ನು ಕೆಲವರು ಪಾದ್ರಿಯೆಂದೇ ಭಾವಿಸುತ್ತಿದ್ದರಂತೆ. ಅನೇಕ ಗಣಿ ಮನೆಗಳಲ್ಲಿ ಸಂತರ ಪಟಗಳ ಪಕ್ಕದಲ್ಲಿ ಅವರ ಚಿತ್ರ ತೂಗುತ್ತಿತ್ತು. 1900ರ ಸೆಪ್ಟೆಂಬರಿನಲ್ಲಿ ಅವರು ಮುಷ್ಕರಕ್ಕೆ ಕರೆ ಕೊಟ್ಟಾಗ ಆ ಪ್ರದೇಶದಲ್ಲಿ ಸಂಘದ ಸದಸ್ಯರು ಹತ್ತು ಸಾವಿರವೂ ಇರಲಿಲ್ಲ, ಕೆಲಸ ಬಿಟ್ಟು ಹೊರಬಂದವರು ಮಾತ್ರ ಒಂದು ಲಕ್ಷಕ್ಕೂ ಮಿಕ್ಕಿದ್ದರು. ಅದು ಅಧ್ಯಕ್ಷೀಯ ಚುನಾವಣೆಯ ವರ್ಷ. ಆಳುವ ಪಕ್ಷದ ಧುರೀಣ ಮಾರ್ಕ್ ಹ್ಯಾನಾ ಗಣಿ ಮಾಲೀಕರ ಕಿವಿ ಹಿಂಡಿದರು, ಶೇ 10ರಷ್ಟು ಕೂಲಿ ಏರಿತು.

ಆದರೆ ಮೂಲದ ತಕರಾರುಗಳು ಇದ್ದಲ್ಲೇ ಉಳಿದವು. ತೂಕದ ವಿಷಯವನ್ನೇ ನೋಡಿ. ಟನ್ ಲೆಕ್ಕದಲ್ಲಿ ಕೂಲಿ ಪಡೆಯುವ ಕಡೆಗಳಲ್ಲಿ, ಮಾರುವಾಗ 2,240 ಪೌಂಡಿಗೆ ಒಂದು ಟನ್ ಎಂದು ಎಣಿಸುತ್ತಿದ್ದ ಕಂಪನಿ, ಕಾರ್ಮಿಕನಿಂದ ತೂಗಿಸಿಕೊಳ್ಳುವಾಗ 2,700 ಪೌಂಡಿಗೂ ಹೆಚ್ಚು ಕೇಳುತ್ತಿತ್ತು. ಕಲ್ಲುಚೂರು ಬೆರೆತಿದೆಯೆಂದು ಅದರಲ್ಲೂ ಕಡಿತ ಮಾಡುತ್ತಿತ್ತು. ಕಲ್ಲಿದ್ದಲು ಒಡೆದು ಬೇರ್ಪಡಿಸುವ ಎತ್ತರದ ಕಟ್ಟಡಗಳಲ್ಲಿ, ಮೇಲಿಂದ ಕಲ್ಲಿದ್ದಲು ಜಾರಿ ಬರುವ ಇಳಿಜಾರು ಕಾಲುವೆಗಳ ಮೇಲೆ ಸಾಲಾಗಿ ಕುಳಿತ ಹುಡುಗರು ಇಡೀ ದಿನ ಬಗ್ಗಿ ಬರಿಗೈಯಲ್ಲಿ ಕಲ್ಲು ಆರಿಸುತ್ತಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದವರ ಬೆರಳ ತುದಿಗಳು ಕೆಂಪಾಗಿ ಊದಿ ಬಿರಿಯುತ್ತಿದ್ದವು. ಮುಂದೆ ಮುಷ್ಕರದ ವಿಚಾರಣೆಗೆ ನೇಮಕವಾದ ಆಯೋಗದ ಎದುರು ಸಾಕ್ಷಿಗೆ ಬಂದ ಹನ್ನೆರಡು ವರ್ಷದ ಹುಡುಗನೊಬ್ಬನ ದಿನಗೂಲಿ 40 ಸೆಂಟ್. ಗಣಿಯಲ್ಲಿ ಸತ್ತ ಅಪ್ಪನ ಹೆಸರಿನಲ್ಲಿದ್ದ ಬಾಕಿಗೆ ಕಂಪನಿ ಅದನ್ನೂ ಮುರಿದುಕೊಳ್ಳುತ್ತಿತ್ತು.

1902ರ ಮೇ 12ರಂದು ಮುಷ್ಕರ ಆರಂಭವಾಯಿತು. ಸುಮಾರು 1,47,000 ಮಂದಿ ಹೊರಬಂದರು. ಮಿಚೆಲ್ ಅವರಿಗೆ ಈ ಮುಷ್ಕರ ಆಗುವುದೇ ಬೇಕಿರಲಿಲ್ಲವೆಂಬುದನ್ನೂ ಹೇಳಬೇಕು. ಕೊನೆಯವರೆಗೂ ಅವರು ಮಧ್ಯಸ್ಥಿಕೆಗೆ ಯತ್ನಿಸಿದ್ದರು. ಜುಲೈನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸೇರಿದ ವಿಶೇಷ ಸಮ್ಮೇಳನದಲ್ಲಿ, ಇತರ ರಾಜ್ಯಗಳ ಗಣಿಗಳಲ್ಲೂ ಕೆಲಸ ನಿಲ್ಲಿಸಬೇಕೆಂಬ ಒತ್ತಾಯ ಬಂದಾಗ ಅವರು ಅದನ್ನು ವಿರೋಧಿಸಿದರು. ಅಲ್ಲಿಯ ಮಾಲೀಕರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದೇವೆ, ಸಹಿ ಹಾಕಿದ ಮೇಲೆ ಮುರಿಯಬಾರದು ಎಂಬುದು ಅವರ ವಾದ. ಬದಲಾಗಿ, ಅಲ್ಲಿ ದುಡಿಯುತ್ತಿದ್ದವರು ತಮ್ಮ ಕೂಲಿಯಲ್ಲಿ ಒಂದು ಪಾಲನ್ನು ಮುಷ್ಕರ ನಿರತರ ಮನೆಗಳಿಗೆ ಕೊಡಬೇಕೆಂದು ತೀರ್ಮಾನವಾಯಿತು. ಪುಕ್ಕಲುತನವೆಂದು ಹಲವರು ಜರೆದ ಈ ತೀರ್ಮಾನವೇ ಮುಷ್ಕರಕ್ಕೆ ಅನ್ನ ಹಾಕಿತೆಂದು ನನ್ನ ಭಾವನೆ. ಅದೇ ಜುಲೈನಲ್ಲಿ, ರಾಜಿಯಾಗಿರೆಂದು ಬೇಡಿಕೊಂಡ ನಾಗರಿಕರೊಬ್ಬರಿಗೆ ರೀಡಿಂಗ್ ರೈಲ್ವೆ ಕಂಪನಿಯ ಮುಖ್ಯಸ್ಥ ಜಾರ್ಜ್ ಬೇರ್ ಉತ್ತರ ಬರೆದು, ದುಡಿಯುವವನ ಹಿತ ಕಾಯುವವರು ಚಳವಳಿಗಾರರಲ್ಲ, ದೇವರು ತನ್ನ ಅಪಾರ ಜ್ಞಾನದಿಂದ ದೇಶದ ಆಸ್ತಿಯನ್ನು ಯಾರ ಕೈಗೆ ಒಪ್ಪಿಸಿದ್ದಾನೋ ಆ ಕ್ರೈಸ್ತ ಸಜ್ಜನರು ಎಂದರು. ಪತ್ರ ಪತ್ರಿಕೆಗಳಿಗೆ ಸಿಕ್ಕಿತು. ಹತ್ತು ಭಾಷಣಗಳಿಂದ ಆಗದ ಉಪಕಾರವನ್ನು ಬೇರ್ ಮಹಾಶಯರು ಒಂದೇ ಕಾಗದದಿಂದ ಮಾಡಿಕೊಟ್ಟರು.

ಈಗ ರೂಸ್‌ವೆಲ್ಟ್ ವಿಷಯ. ಅಕ್ಟೋಬರ್ 3ರಂದು ಅವರು ಎರಡೂ ಕಡೆಯವರನ್ನು ವಾಷಿಂಗ್ಟನ್‌ಗೆ ಕರೆಸಿದರು. ಶ್ವೇತಭವನದ ದುರಸ್ತಿ ನಡೆಯುತ್ತಿದ್ದುದರಿಂದ ಸಭೆ ಸೇರಿದ್ದು ಅವರ ತಾತ್ಕಾಲಿಕ ನಿವಾಸದಲ್ಲಿ. ಸಾರೋಟು ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿದ್ದ ಅಧ್ಯಕ್ಷರು ಗಾಲಿ ಕುರ್ಚಿಯಲ್ಲಿದ್ದರು. ಮೊದಲು ಮಾತನಾಡಿದ ಮಿಚೆಲ್, ಅಧ್ಯಕ್ಷರು ನೇಮಿಸುವ ಆಯೋಗ ಕೊಡುವ ತೀರ್ಪಿಗೆ, ಅದು ತಮಗೆ ವಿರುದ್ಧವಾಗಿದ್ದರೂ, ಬದ್ಧರಾಗಿರುತ್ತೇವೆ ಎಂದರು. ಬೇರ್ ಮತ್ತು ಸಂಗಡಿಗರು ಅರಾಜಕತೆಯ ಪ್ರಚೋದಕರೊಂದಿಗೆ ಮಾತುಕತೆಯೇ ಇಲ್ಲ ಎಂದರು. ಮಿಚೆಲ್ ಸಿಡುಕಲಿಲ್ಲ. ಆ ಕೋಣೆಯಲ್ಲಿ ಸಜ್ಜನನಂತೆ ನಡೆದುಕೊಂಡವನು ಒಬ್ಬನೇ, ಆ ಒಬ್ಬ ನಾನಲ್ಲ ಎಂದು ರೂಸ್‌ವೆಲ್ಟ್ ಆಮೇಲೆ ಹೇಳಿದ್ದು ಪ್ರಸಿದ್ಧವಾಗಿದೆ.

ನನ್ನ ಮಟ್ಟಿಗೆ ಮುಷ್ಕರದ ಹಣೆಬರಹ ನಿರ್ಧಾರವಾದದ್ದು ಈ ಸಭೆಯಲ್ಲಲ್ಲ, ಇದರ ಮುಂದಿನ ವಾರದಲ್ಲಿ. ಕಾರ್ಮಿಕರು ಕೆಲಸಕ್ಕೆ ಬರಲು ಸಿದ್ಧರಿದ್ದಾರೆ, ಸಂಘದ ಪುಂಡರು ಬಿಡುತ್ತಿಲ್ಲ, ಸೈನ್ಯದ ರಕ್ಷಣೆ ಕೊಟ್ಟು ನೋಡಿ ಎಂಬುದು ಮಾಲೀಕರ ವಾದವಾಗಿತ್ತು. ಹಿಂಸೆ ನಡೆಯಲೇ ಇಲ್ಲವೆಂದಲ್ಲ; ಪ್ರಾಣಹಾನಿಯೂ ಆಗಿತ್ತು. ಪೆನ್ಸಿಲ್ವೇನಿಯಾದ ಗವರ್ನರ್ ರಾಜ್ಯದ ಇಡೀ ನ್ಯಾಷನಲ್ ಗಾರ್ಡ್ ಪಡೆಯನ್ನು, ಅಂದರೆ ಹತ್ತಿರ ಹತ್ತಿರ ಹತ್ತು ಸಾವಿರ ಸೈನಿಕರನ್ನು, ಗಣಿಗಳಿಗೆ ಕಳಿಸಿದರು. ಗಣಿಯ ಬಾಗಿಲು ತೆರೆದಿತ್ತು, ಬಂದೂಕಿನ ಕಾವಲಿತ್ತು. ಆದರೂ ಕಾರ್ಮಿಕರು ಬರಲಿಲ್ಲ. ಐದು ತಿಂಗಳು ಕೂಲಿ ಕಾಣದ, ಪರಸ್ಪರರ ಮಾತು ಅರ್ಥವಾಗದ ಜನ ಹೀಗೆ ಒಂದಾಗಿ ಮನೆಯಲ್ಲೇ ಕುಳಿತದ್ದು ಮಾಲೀಕರ ಮುಖ್ಯ ವಾದವನ್ನೇ ಕೆಡವಿತು. ಯುದ್ಧ ಮಂತ್ರಿ ಎಲಿಹು ರೂಟ್ ಹೋಗಿ ಬ್ಯಾಂಕರ್ ಜೆ. ಪಿ. ಮಾರ್ಗನ್ ಅವರನ್ನು ವಿಹಾರ ನೌಕೆಯಲ್ಲಿ ಕಂಡದ್ದು, ಮಾರ್ಗನ್ ಮಾಲೀಕರನ್ನು ಒಪ್ಪಿಸಿದ್ದು ಆ ನಂತರದ ಮಾತು.

ಮಾಲೀಕರು ಆಯೋಗಕ್ಕೆ ಒಪ್ಪಿದರೂ ಅದರಲ್ಲಿ ಯಾವ ಯಾವ ಬಗೆಯವರು ಇರಬೇಕೆಂದು ತಾವೇ ಪಟ್ಟಿ ಕೊಟ್ಟರು; ಅದರಲ್ಲಿ ಕಾರ್ಮಿಕರ ಕಡೆಯವರು ಯಾರೂ ಇರಲಿಲ್ಲ. ಮಿಚೆಲ್ ಪಟ್ಟು ಹಿಡಿದರು. ಕೊನೆಗೆ ರೂಸ್‌ವೆಲ್ಟ್ ರೈಲ್ವೆ ಕಂಡಕ್ಟರುಗಳ ಸಂಘದ ಮುಖ್ಯಸ್ಥ ಇ. ಇ. ಕ್ಲಾರ್ಕ್ ಅವರನ್ನು ಪಟ್ಟಿಯಲ್ಲಿದ್ದ ‘ಸಮಾಜಶಾಸ್ತ್ರಜ್ಞ’ರ ಸ್ಥಾನಕ್ಕೆ ನೇಮಿಸಿ, ಒಬ್ಬ ಕ್ಯಾಥೊಲಿಕ್ ಬಿಷಪ್ಪರನ್ನೂ ಸೇರಿಸಿದರು. ಕಾರ್ಮಿಕ ಮುಖಂಡ ಎಂದರೆ ಬೇಡ, ಸಮಾಜಶಾಸ್ತ್ರಜ್ಞ ಎಂದರೆ ಆದೀತು! ಅಕ್ಟೋಬರ್ 23ರಂದು ಗಣಿಗಳು ಮತ್ತೆ ತೆರೆದವು. ಆಯೋಗ 558 ಸಾಕ್ಷಿಗಳನ್ನು ವಿಚಾರಿಸಿತು. ಕಾರ್ಮಿಕರ ಪರ ವಕೀಲರು ಕ್ಲಾರೆನ್ಸ್ ಡಾರೋ. ಮೊದಲ ಸಾಕ್ಷಿ ಮಿಚೆಲ್, ದಿನಗಟ್ಟಲೆ ಪಾಟೀಸವಾಲು. 1903ರ ಮಾರ್ಚ್‌ನಲ್ಲಿ ಬಂದ ತೀರ್ಪಿನಿಂದ ಶೇ 10ರಷ್ಟು ಕೂಲಿ ಹೆಚ್ಚಿತು, ಬಹುತೇಕರಿಗೆ ಹತ್ತು ತಾಸಿನ ದಿನ ಒಂಬತ್ತಕ್ಕೆ ಇಳಿಯಿತು, ತಕರಾರುಗಳನ್ನು ತೀರಿಸಲು ಆರು ಜನರ ಸಮಿತಿ ಬಂತು. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ.

ಮಿಚೆಲ್ ಅವರನ್ನು ಹೊಗಳಿ ಇಲ್ಲಿಗೇ ಪತ್ರ ನಿಲ್ಲಿಸಿದರೆ ನಾನೂ ತಮ್ಮ ಲೇಖಕರಂತೆ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಮಾಲೀಕರೂ ಕಾರ್ಮಿಕ ನಾಯಕರೂ ಒಟ್ಟಿಗೆ ಕೂರುವ ‘ನ್ಯಾಷನಲ್ ಸಿವಿಕ್ ಫೆಡರೇಷನ್’ ಎಂಬ ಸಂಸ್ಥೆಯ ಒಡನಾಟ ಅವರಿಗೆ ಬರಬರುತ್ತ ಒಗ್ಗಿಹೋಯಿತು. ನಾನು ಕೆಲವು ವರ್ಷ ಕಾರ್ಖಾನೆಯೊಂದರ ಸಂಘದ ಪದಾಧಿಕಾರಿಯಾಗಿ ಮಾತುಕತೆಗೆ ಕುಳಿತವನು. ಆಡಳಿತ ಮಂಡಳಿಯವರು ತರಿಸಿದ ಗೋಡಂಬಿ ತಟ್ಟೆಗೆ ಮೊದಲ ದಿನ ಕೈ ಹಾಕಲು ಸಂಕೋಚವಾಗುತ್ತದೆ. ಮೂರನೆಯ ಸಭೆಯಲ್ಲಿ ತಟ್ಟೆ ಬರುವುದು ತಡವಾದರೆ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತದೆ. 1903ರಲ್ಲಿ ಕೊಲೊರಾಡೊದಲ್ಲಿ ಮುಷ್ಕರ ಆರಂಭವಾದಾಗ, ಉತ್ತರ ಭಾಗದ ಕಾರ್ಮಿಕರು ಬೇರೆಯಾಗಿ ರಾಜಿ ಮಾಡಿಕೊಳ್ಳುವುದಕ್ಕೆ ಮಿಚೆಲ್ ಬೆಂಬಲವಿತ್ತರು. ದಕ್ಷಿಣದವರು ಒಂಟಿಯಾಗಿ ಹೋರಾಡಿ ಸೋತರು. ಮಿಚೆಲ್ ಅವರನ್ನು ಮೆಚ್ಚಿಕೊಂಡಿದ್ದ, ಕಾರ್ಮಿಕ ಹೋರಾಟಗಾರ್ತಿ ಮದರ್ ಜೋನ್ಸ್ ಅಂಥವರೇ ಆ ಪ್ರಶ್ನೆಯಲ್ಲಿ ಎದುರು ನಿಂತರು. ಜೊತೆಗೆ ಕುಡಿತ, ಅನಾರೋಗ್ಯ. 1908ರಲ್ಲಿ ಅವರು ಅಧ್ಯಕ್ಷ ಸ್ಥಾನ ಬಿಟ್ಟು ಅದೇ ಸಿವಿಕ್ ಫೆಡರೇಷನ್ನಿನ ಸಂಬಳದ ಹುದ್ದೆಗೆ ಸೇರಿದರು. ಆ ವರ್ಷವೇ, ಒಲೆ ತಯಾರಿಸುವ ಕಂಪನಿಯೊಂದರ ಬಹಿಷ್ಕಾರದ ಪ್ರಕರಣದಲ್ಲಿ ನ್ಯಾಯಾಂಗ ನಿಂದನೆಗಾಗಿ ಅಮೆರಿಕದ ಹಿರಿಯ ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್ ಅವರಿಗೆ ಒಂದು ವರ್ಷ, ಮಿಚೆಲ್ ಅವರಿಗೆ ಒಂಬತ್ತು ತಿಂಗಳು ಜೈಲು ಶಿಕ್ಷೆಯಾಯಿತೆಂಬುದನ್ನು, ಅದು ಮುಂದೆ ಸುಪ್ರೀಂ ಕೋರ್ಟಿನಲ್ಲಿ ರದ್ದಾಯಿತೆಂಬುದನ್ನು, ಅವರನ್ನು ಮಾಲೀಕರ ಮನುಷ್ಯನೆಂದು ತಳ್ಳಿಹಾಕುವವರು ಗಮನಿಸಬೇಕು. 1911ರಲ್ಲಿ ಅವರೇ ಬೆಳೆಸಿದ ಒಕ್ಕೂಟದ ಸಮ್ಮೇಳನ, ಫೆಡರೇಷನ್ ಬಿಡಿ, ಇಲ್ಲವೇ ನಮ್ಮ ಸದಸ್ಯತ್ವ ಬಿಡಿ ಎಂದು ಠರಾವು ಮಾಡಿತು. ಮಿಚೆಲ್ ಫೆಡರೇಷನ್ನಿನ ಹುದ್ದೆಗೆ ರಾಜೀನಾಮೆ ಕೊಟ್ಟು, ಸಂಘದ ಚೀಟಿಯನ್ನು ಉಳಿಸಿಕೊಂಡರು.

ಕಡೆಯ ವರ್ಷಗಳಲ್ಲಿ ನ್ಯೂಯಾರ್ಕ್ ರಾಜ್ಯದ ಕೈಗಾರಿಕಾ ಆಯೋಗದ ಅಧ್ಯಕ್ಷರಾಗಿದ್ದ ಅವರು 1919ರ ಸೆಪ್ಟೆಂಬರಿನಲ್ಲಿ, ಐವತ್ತು ತುಂಬುವ ಮೊದಲೇ, ನ್ಯುಮೋನಿಯಾದಿಂದ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಗಣಿ ಪ್ರದೇಶದ ಸ್ಕ್ರ್ಯಾಂಟನ್ ಪಟ್ಟಣದಲ್ಲಿ. ಐದು ವರ್ಷಗಳ ನಂತರ ಅಲ್ಲಿಯ ಕೋರ್ಟ್ ಚೌಕದಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಲಾಯಿತು. 1902ರ ನವೆಂಬರಿನಲ್ಲಿ ಆಯೋಗ ಸೇರಿ ಅವರ ಸಾಕ್ಷ್ಯ ಕೇಳಿದ್ದು ಅದೇ ಕೋರ್ಟ್ ಕಟ್ಟಡದಲ್ಲಿ.

ತಮ್ಮ ವಿಶ್ವಾಸಿ,
ನಿವೃತ್ತ ಕಾರ್ಮಿಕ, ಬೆಂಗಳೂರು