ಯುಪಿಎಸ್ ಬ್ಯಾಟರಿ ತಂದಿದ್ದ ತಮ್ಮನಿಗೆ

ನಮ್ಮ ಸೊಸೈಟಿಯ ಉಡುಪಿ ಶಾಖೆಯಲ್ಲಿ ಪ್ರಿಂಟರ್ ಇರುವುದು ನನ್ನ ಮೇಜಿನಿಂದ ನಾಲ್ಕೇ ಹೆಜ್ಜೆ ದೂರ. ಆದರೂ ಎರಡು ಪುಟ ಹೊರಬರಲು 10 ನಿಮಿಷ! ಸೋಮವಾರ ಹೊರಗೆ ಜಡಿಮಳೆ, ಒಳಗೆ ಉದ್ದ ಸಾಲು. ಕುಂದಾಪುರದ ಬಸ್ ತಪ್ಪುತ್ತದೆಂದು ಒಬ್ಬರು ಅಜ್ಜಿ ಗಡಿಯಾರವನ್ನೇ ನೋಡುತ್ತಿದ್ದರು. ನನಗೆ ಅಳು ಬರುವುದೊಂದು ಬಾಕಿ.

ಬ್ಯಾಟರಿ ಬದಲಿಸಿದ ಮೇಲೆ ನೀವು ಸುಮ್ನೆ ಹೋಗಬಹುದಿತ್ತು, ಅಲ್ವಾ? "ಒಮ್ಮೆ ನೋಡ್ಲಾ ಅಕ್ಕಾ?" ಎಂದಿರಿ. ಒದ್ದೆ ಕೈ ಕರ್ಚೀಫಿನಲ್ಲಿ ಒರೆಸಿ ಕುಳಿತಿರಿ.

ವಿಷಯ ಇಷ್ಟೇ. ನಾವು ಪ್ರಿಂಟ್ ಒತ್ತಿದರೆ ಫೈಲು ಮಂಗಳೂರಿನ ಸರ್ವರ್‌ಗೆ ಹೋಗಿ, ಅಲ್ಲಿ ಪ್ರಿಂಟರಿಗೆ ಅರ್ಥವಾಗುವ ರೂಪಕ್ಕೆ ಬದಲಾಗಿ, ಉಬ್ಬಿಕೊಂಡು, ಅದೇ ಸಪೂರ ಲೈನಿನಲ್ಲಿ ವಾಪಸ್ ಬರಬೇಕಿತ್ತು. ನಾಲ್ಕು ಹೆಜ್ಜೆಗೆ ಮಂಗಳೂರು ಸುತ್ತಿದ ಹಾಗೆ!

ನೀವು ಮೊದಲು ಹೆಡ್ ಆಫೀಸಿಗೆ ಫೋನ್ ಮಾಡಿಸಿ ಒಪ್ಪಿಗೆ ಕೇಳಿದಿರಿ. ಅದು ನನಗೆ ಜಾಸ್ತಿ ಇಷ್ಟವಾಯಿತು. ಆಮೇಲೆ ಪ್ರಿಂಟರಿನ ಐಪಿ ವಿಳಾಸವನ್ನೇ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆಯನ್ನೇ, ನನ್ನ ಕಂಪ್ಯೂಟರಿಗೆ ನೇರ ಸೇರಿಸಿದಿರಿ, ಪ್ರಿಂಟರ್ ನೇರವಾಗಿ ಫೈಲು ಪಡೆಯುವ 9100 ಪೋರ್ಟಿನಲ್ಲಿ. ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕವಾದ ಡಿಪಿಐಯನ್ನು 1200ರಿಂದ 600ಕ್ಕೆ ಇಳಿಸಿದಿರಿ. ರಸೀದಿಗೆ ಅಷ್ಟು ಸಾಕಂತೆ.

ಒತ್ತಿದ ಕೂಡಲೇ ಕಾಗದ ಬಂತು. ಅಜ್ಜಿ ಓಡಿದರು.

ಚಹಾ ತರಿಸುವಷ್ಟರಲ್ಲಿ ನಿಮ್ಮ ಬೈಕ್ ಹೊರಟಾಗಿತ್ತು. ಐಪಿ ಬರೆದು ನೀವು ಅಂಟಿಸಿದ ಚೀಟಿ ಪ್ರಿಂಟರ್ ಮೇಲೆ ಹಾಗೇ ಇದೆ. ಹೆಸರು ಕೇಳಲೂ ಮರೆತೆ ಮಾರಾಯ್ರೆ. ಥ್ಯಾಂಕ್ಸ್.