ಟೇಪ್ ಕೀಳದ ಡಬ್ಬಗಳು

ಪುಟ್ಟೀ,

ನೀನು ಊಟ ಕೂಡ ಮಾಡದೆ ಬಸ್ ಹತ್ತಿಬಿಟ್ಟೆ. ನಿನ್ನ ಕ್ರೆಡಿಟ್ ಕಾರ್ಡಿನ ಬಾಕಿ ಕೇಳಿಕೊಂಡು ಮನೆಗೆ ಫೋನ್ ಬಂತು ಅಂತ ಅಪ್ಪ ಅಷ್ಟು ಕೂಗಾಡಬಾರದಿತ್ತು. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಮಿಕ್ಕಿದ್ದು ಬಿಡು, ನಿನಗೂ ಗೊತ್ತು, ನನಗೂ ಗೊತ್ತು.

ನನ್ನ ತಲೆಯಲ್ಲಿ ಕೂತಿರುವುದು ನಿನ್ನ ಬೆಂಗಳೂರಿನ ರೂಮಿನಲ್ಲಿ ಮಂಚದ ಕೆಳಗಿದ್ದ, ನೀನು ಆನ್‌ಲೈನಿನಲ್ಲಿ ತರಿಸಿದ ಡಬ್ಬಗಳು. ಗುಡಿಸುವಾಗ ಪೊರಕೆಗೆ ಸಿಕ್ಕಿದವು. ಒಂದರದ್ದೂ ಟೇಪ್ ಕಿತ್ತಿರಲಿಲ್ಲ. ಒಂದರ ಮೇಲೆ ಯುಗಾದಿಗೂ ಮುಂಚಿನ ತಾರೀಖು. ಆಸೆಪಟ್ಟು ತಗೊಂಡವರು ಬಿಚ್ಚಿ ನೋಡುತ್ತಾರೆ, ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಾರೆ, ಅಲ್ವಾ? ನೀನು ಬಿಚ್ಚಲೇ ಇಲ್ಲ. ಬಿಚ್ಚಲೇ ಇಲ್ಲವಲ್ಲ ಪುಟ್ಟೀ! ದುಡ್ಡಿಗಿಂತ ಅದೇ ನನಗೆ ಜಾಸ್ತಿ ಭಯ. "ರಾತ್ರಿ ಆರ್ಡರ್ ಒತ್ತಿದಾಗ ಸ್ವಲ್ಪ ಹಗುರ ಆಗುತ್ತೆ, ಆಮೇಲೆ ಡಬ್ಬ ನೋಡಿದ್ರೇನೇ ಸಂಕಟ" ಅಂತ ನೀನೇ ಅಂದೆ. ಹಾಗಾದರೆ ನಿನಗೆ ಬೇಕಾಗಿದ್ದು ಆ ಸಾಮಾನಲ್ಲ. ಆ ಹೊತ್ತಿನಲ್ಲಿ ಏನು ಅಷ್ಟು ಭಾರ ಇತ್ತು? ಆಫೀಸಾ, ಒಂಟಿತನವಾ? ಯಾಕೆ ನನಗೆ ಫೋನ್ ಮಾಡಲಿಲ್ಲ?

ಮೇಷ್ಟ್ರಮ್ಮನ ಪಾಠ ಶುರುವಾಯಿತು ಅನ್ನಬೇಡ, ಇದೊಂದು ಕೇಳು. ವೋಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳಿಗೆ ಒಂದು ಸೂಚನೆ ಕೊಟ್ಟು, ಆಮೇಲೆ ಹಣ್ಣಿನ ರಸ ಕೊಡುತ್ತಿದ್ದರು. ಅದು ರೂಢಿಯಾದ ಮೇಲೆ ಮಿದುಳಿನಲ್ಲಿ ಡೋಪಮಿನ್ ಅನ್ನುವ, ಆಸೆ ಹುಟ್ಟಿಸುವುದಕ್ಕೆ ಸಂಬಂಧಿಸಿದ ರಾಸಾಯನಿಕ ಬಿಡುವ ಕೋಶಗಳು ರಸ ಬಾಯಿಗೆ ಬಿದ್ದಾಗ ಅಲ್ಲ, ಸೂಚನೆ ಸಿಕ್ಕಾಗಲೇ ಚುರುಕಾಗುತ್ತಿದ್ದವು. ನಿನ್ನ ಖುಷಿಯೂ ಒತ್ತುವಾಗಲೇ ಮುಗಿದಿರುತ್ತದೆ. ಡಬ್ಬ ಬರುವಷ್ಟರಲ್ಲಿ ಉಳಿಯುವುದು ಕಂತು ಮಾತ್ರ. ಶಾಪಿಂಗ್ ಆ್ಯಪ್‌ಗಳು "ಇನ್ನು ಎರಡೇ ಉಳಿದಿವೆ, ಬೇಗ" ಅಂತ ಸುಳ್ಳು ಅವಸರ ಹುಟ್ಟಿಸುವುದನ್ನು 2023ರಲ್ಲೇ ಕೇಂದ್ರ ಸರ್ಕಾರದ ಮಾರ್ಗಸೂಚಿ ನಿಷೇಧಿಸಿದೆ. ಅಂದರೆ ಪೂರ್ತಿ ತಪ್ಪು ನಿನ್ನೊಬ್ಬಳದೇ ಅಲ್ಲ. ಆದರೂ ಮೊಬೈಲಿನಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಇವತ್ತೇ ತೆಗೆದುಹಾಕು. ನಿದ್ದೆ ಬರದಿದ್ದರೆ ಫೋನ್ ಬೇರೆ ಕಡೆ ಇಡು. ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡ, ದಯವಿಟ್ಟು ಮಾಡಬೇಡ.

ಒಟ್ಟು ಸಾಲ ಎಷ್ಟು ಅಂತ ನೀನೇ ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಟ್ಟೆಯಲ್ಲ, ಒಂದನ್ನೂ ಮುಚ್ಚಿಡದೆ. ಆ ಧೈರ್ಯ ಕಂಡು ನನಗೆ ಹೆಮ್ಮೆಯಾಯಿತು. ಜಗಳದಲ್ಲಿ ಹೇಳಲು ಆಗಲಿಲ್ಲ.

ಟೆಲಿ ಮನಸ್ ಅಂತ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ಗೆ ಹೋಗೋಣ ಅಂದರೆ ನಾನೂ ಬರುತ್ತೇನೆ. ಸೋಮವಾರ ರಜೆ ಸಿಗುತ್ತಾ ಕೇಳಿ ಹೇಳು, ಭಾನುವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸುತ್ತೇನೆ.

ನಿನ್ನ ಅಮ್ಮ