ಆರಾಧನೆಗೆ ಬನ್ನಿ, ಮೈಕ್ ಮಾತ್ರ ಕೇಳಬೇಡಿ

ಮಾನ್ಯ ಶಾಸಕರೇ,

ನಮಸ್ಕಾರ. ಚುನಾವಣೆ ಹತ್ತಿರ ಬಂದಿದೆ. ನಮ್ಮ ಚರ್ಚಿನ ಭಾನುವಾರದ ಆರಾಧನೆಯಲ್ಲಿ ನಿಮಗೆ ಐದು ನಿಮಿಷ ಮಾತಾಡಲು ಅವಕಾಶ ಕೊಡಬೇಕೆಂದು ನಿಮ್ಮ ಕಡೆಯವರು ಕೇಳಿದ್ದಾರೆ. ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಎದುರು ಪಕ್ಷದವರು ಕೇಳಿದರೂ ಇದೇ ಉತ್ತರ. ಕಾರಣವನ್ನು ನಿಮಗೂ ನಮ್ಮ ಸಭೆಯವರಿಗೂ ಒಟ್ಟಿಗೇ ಹೇಳೋಣ ಅಂತ ಈ ಬಹಿರಂಗ ಪತ್ರ.

ರಾಜಕೀಯ ಹೊಲಸು, ನಮಗ್ಯಾಕೆ ಅನ್ನುವ ಪಾಸ್ಟರ್ ನಾನಲ್ಲ. ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿ ಎಂದು ಬೈಬಲಿನಲ್ಲಿ, ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಆಗಿನ ರೋಮ್ ಚಕ್ರವರ್ತಿಗಳು ಕ್ರೈಸ್ತರಾಗಿರಲಿಲ್ಲ, ಅವರಿಗೆ ಯಾರೂ ವೋಟು ಹಾಕಿರಲೂ ಇಲ್ಲ. ಆದರೂ ಪ್ರಾರ್ಥಿಸಿದರು. ನಾವೂ ನಿಮ್ಮ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. ನಿಮಗೆ ವೋಟು ಹಾಕದವರೂ ಆಮೆನ್ ಅನ್ನುತ್ತಾರೆ. ಕೆಲವರ ದನಿ ಸ್ವಲ್ಪ ಸಣ್ಣದಿರಬಹುದು, ಅದು ಬೇರೆ ಮಾತು.

ಆದರೆ ಪ್ರಸಂಗ ಪೀಠ ನನ್ನ ಸ್ವತ್ತೂ ಅಲ್ಲ. ಅಲ್ಲಿ ನಿಂತು ನಾನು ಹೇಳಬೇಕಾದ್ದು ಸತ್ಯವೇದದ, ಅಂದರೆ ಬೈಬಲಿನ ಮಾತು. ಯಾವ ಪಕ್ಷ ಒಳ್ಳೆಯದು ಅನ್ನುವ ನನ್ನ ಅಭಿಪ್ರಾಯವನ್ನು ಮನೆಯಲ್ಲೇ ಬಿಟ್ಟು ಬರಬೇಕು. ನನಗೇ ಇಲ್ಲದ ಸಲಿಗೆಯನ್ನು ನಿಮಗೆ ಹೇಗೆ ಕೊಡಲಿ? ಇನ್ನೊಂದು ವಿಷಯ. ಚುನಾವಣಾ ಭಾಷಣದಲ್ಲಿ ಜನ ನಿಮಗೆ ಪ್ರಶ್ನೆ ಹಾಕಬಹುದು, ಎದ್ದು ಹೋಗಬಹುದು. ಆರಾಧನೆಯಲ್ಲಿ ದೇವರ ಭಯದಿಂದ ಸುಮ್ನೆ ಕೂತಿರುತ್ತಾರೆ. ಆ ಮೌನವನ್ನು ಬೆಂಬಲದ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ, ಅಲ್ವಾ?

ಇದರ ಕೆಟ್ಟ ಫಲವನ್ನು ನಮ್ಮ ಪ್ರೊಟೆಸ್ಟೆಂಟ್ ಸಭೆಗಳು ಜರ್ಮನಿಯಲ್ಲಿ ಉಂಡಿವೆ. 1933ರ ಜುಲೈನಲ್ಲಿ ಅಲ್ಲಿ ಸಭೆಗಳ ಆಡಳಿತಕ್ಕೆ ಚುನಾವಣೆ ನಡೆಯಿತು. ಹಿಂದಿನ ರಾತ್ರಿ ಹಿಟ್ಲರ್ ರೇಡಿಯೋದಲ್ಲಿ ತನ್ನ ಪರವಾದ ಗುಂಪಿಗೆ ಬೆಂಬಲ ಕೇಳಿದ. ಆ ಗುಂಪು ಭರ್ಜರಿಯಾಗಿ ಗೆದ್ದಿತು. ಸೆಪ್ಟೆಂಬರ್ ಹೊತ್ತಿಗೆ ಪ್ರಷ್ಯಾದ ಸಭೆ, ಯೆಹೂದಿ ಮೂಲದವರು ಪಾಸ್ಟರ್ ಆಗಿರಬಾರದು ಎಂಬ ನಿಯಮವನ್ನೇ ಒಪ್ಪಿತು. ಯೇಸು ಯಾವ ಮೂಲದವನು ಅನ್ನುವುದು ಅವರಿಗೆ ನೆನಪಾಗಲೇ ಇಲ್ಲ! ಇದನ್ನು ಸಹಿಸದ ಕೆಲವರು 1934ರ ಮೇ ಕೊನೆಯಲ್ಲಿ ಬಾರ್ಮೆನ್‌ನಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದರು. ಅದರ ಬರವಣಿಗೆ ಹೆಚ್ಚಾಗಿ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರದು. ನ್ಯಾಯ, ಶಾಂತಿ ಕಾಯುವುದು ಸರ್ಕಾರಕ್ಕೆ ದೇವರು ಕೊಟ್ಟ ಕೆಲಸ, ಆದರೆ ಸಭೆ ಸರ್ಕಾರದ ಅಂಗವಾಗಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಮರುವರ್ಷ ಬಾರ್ತ್ ಬಾನ್‌ನಲ್ಲಿದ್ದ ಪ್ರೊಫೆಸರ್ ಕೆಲಸ ಕಳೆದುಕೊಂಡರು.

ನಿಮ್ಮನ್ನು ಯಾರಿಗೂ ಹೋಲಿಸುತ್ತಿಲ್ಲ, ತಪ್ಪು ತಿಳಿಯಬೇಡಿ. ನನ್ನ ತಕರಾರು ಆಗಿನ ಪಾಸ್ಟರ್‌ಗಳ ಮೇಲೆ. ಬಾಗಿಲು ತೆರೆದವರು ಒಳಗಿದ್ದವರೇ.

ಗೆದ್ದರೆ ಚರ್ಚ್ ಕಟ್ಟಡದ ರಿಪೇರಿಗೆ ಹಣ ಕೊಡಿಸುವ ಮಾತೂ ನಿಮ್ಮವರಿಂದ ಬಂತು. ಬೇಡ. ಅದಕ್ಕೆ ಸಭೆಯವರ ಕಾಣಿಕೆ ಸಾಕು. ಸಾಲದಿದ್ದರೆ ಇನ್ನಷ್ಟು ದಿನ ಹಾಗೇ ಇರಲಿ. ಋಣ ಬಿದ್ದ ಬಾಯಿ ನಾಳೆ ನಿಮ್ಮ ತಪ್ಪನ್ನು ತಪ್ಪು ಅನ್ನಲಾರದು. ತಪ್ಪು ಮಾಡಿದ ರಾಜ ದಾವೀದನ ಎದುರು ನಿಂತು 'ಆ ಮನುಷ್ಯ ನೀನೇ' ಎಂದ ಪ್ರವಾದಿ ನಾತಾನನಿಗೆ ಇಂಥ ಹಂಗು ಇರಲಿಲ್ಲ.

ನಮಗಾಗಿ ಏನಾದರೂ ಮಾಡಲೇಬೇಕು ಅಂತಿದ್ದರೆ ಒಂದು ಕೆಲಸ ಇದೆ. 1612ರಲ್ಲಿ ಥಾಮಸ್ ಹೆಲ್ವಿಸ್ ಎಂಬ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತ, ಪ್ರಜೆಗಳ ಆತ್ಮದ ಮೇಲೆ ರಾಜನಿಗೆ ಅಧಿಕಾರವಿಲ್ಲ ಎಂದು ರಾಜ ಜೇಮ್ಸ್‌ಗೇ ಬರೆದ. ಆ ಸ್ವಾತಂತ್ರ್ಯವನ್ನು ಯೆಹೂದ್ಯರಿಗೂ ಮುಸ್ಲಿಮರಿಗೂ ಸೇರಿಸಿ ಕೇಳಿದ. ಸಿಕ್ಕಿದ್ದು ನ್ಯೂಗೇಟ್ ಜೈಲು. ನಾನು ಕೇಳುವುದೂ ಅಷ್ಟೇ. ನಮ್ಮ ಪ್ರಾರ್ಥನೆಗೆ ಇರುವ ರಕ್ಷಣೆ, ನಮ್ಮನ್ನು ಒಪ್ಪದವರ ಪ್ರಾರ್ಥನೆಗೂ, ಪ್ರಾರ್ಥನೆಯೇ ಬೇಡ ಅನ್ನುವವರಿಗೂ ಇರಲಿ.

ಆರಾಧನೆಗೆ ಖಂಡಿತ ಬನ್ನಿ. ವಿಶೇಷ ಕುರ್ಚಿ ಇರುವುದಿಲ್ಲ. ಚಿನ್ನದ ಉಂಗುರದವನನ್ನು ಒಳ್ಳೆ ಜಾಗದಲ್ಲಿ, ಬಡವನನ್ನು ಕಾಲಬಳಿ ಕೂರಿಸುವ ಸಭೆಯನ್ನು ಬೈಬಲಿನಲ್ಲಿ ಯಾಕೋಬ ತನ್ನ ಪತ್ರದಲ್ಲಿ ಚೆನ್ನಾಗಿ ಝಾಡಿಸಿದ್ದಾನೆ. ಹಾಗಂತ, ತಡವಾಗಿ ಬಂದರೆ ನಿಮಗೆ ಮುಂದಿನ ಸಾಲೇ ಸಿಕ್ಕೀತು. ನಮ್ಮವರು ಹಿಂದಿನಿಂದ ತುಂಬಿಕೊಂಡು ಬರುತ್ತಾರೆ.

ಮಾತಾಡಲೇಬೇಕು ಅಂತಿದ್ದರೆ ವಾರದ ದಿನ, ಸಾರ್ವಜನಿಕ ಸಭಾಂಗಣದಲ್ಲಿ, ಎಲ್ಲ ಅಭ್ಯರ್ಥಿಗಳ ಜೊತೆ ಕೂತು ಮಾತಾಡಿ. ಜನ ಪ್ರಶ್ನೆ ಕೇಳಲಿ. ಕೇಳುವವರಲ್ಲಿ ನಾನೂ ಇರುತ್ತೇನೆ, ಒಬ್ಬ ಮತದಾರನಾಗಿ. ಒಪ್ಪಿಗೆಯಾದರೆ ತಿಳಿಸಿ. ಉಳಿದ ಅಭ್ಯರ್ಥಿಗಳಿಗೂ ಇದೇ ಪತ್ರ ಕಳಿಸಿದ್ದೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಸಭಾಪಾಲಕ